ಬೆನ್ನಿಗಂಟಿದ ಬಿಳಿ

ಅಜ್ಜಿಯ ಮನೆಯಲ್ಲಿ ಗೋಡೆಗೆ ಒರಗುವುದು ಅಪರಾಧವಾಗಿತ್ತು. ದೀಪಾವಳಿಗೆ ಸುಣ್ಣ ಬಳಿದ ಗೋಡೆ. ಚೂರು ನೀಲಿ ಬೆರೆಸಿದ್ದರಿಂದ ಬೆಳದಿಂಗಳ ಹಾಗೆ ಕಾಣುತ್ತಿತ್ತು. ಒರಗಿ ಎದ್ದರೆ ಗೋಡೆ ಅಂಗಿಯ ಮೇಲೆ. "ಗೋಡೆ ಬೀಳತ್ತೆ ಅಂತ ಹಿಡ್ಕೊಂಡಿದೀಯೇನೋ?" ಎನ್ನುತ್ತ ಅಜ್ಜಿ ಬೆನ್ನಿಗೆ ಪಟಪಟನೆ ಬಾರಿಸುತ್ತಿದ್ದಳು. ಸುಣ್ಣ ಕೊಡವುವ ನೆಪದಲ್ಲಿ ಹಳೇ ಬಾಕಿಯೂ ತೀರುತ್ತಿತ್ತು.

ನಲವತ್ತು ವರ್ಷ ಕಳೆದು, ಸಾಲ ಮಾಡಿ ಕಟ್ಟಿಸಿದ ಮನೆಗೆ ಬಿಳಿ ಪೇಂಟು ಹೊಡೆಸಿದಾಗ, ಇನ್ನು ಧೈರ್ಯವಾಗಿ ಒರಗಬಹುದು ಎಂದುಕೊಂಡೆ. ಮೂರನೇ ಬೇಸಿಗೆ. ಪಡುವಣ ಗೋಡೆಗೆ ಒರಗಿ ಪೇಪರ್ ಓದಿ ಒಳಗೆ ಬಂದರೆ ಹೆಂಡತಿ, "ಸ್ವಲ್ಪ ತಿರುಗಿ ನೋಡೋಣ" ಎಂದಳು. ಮತ್ತೆ ಅದೇ ಬೆನ್ನು, ಅದೇ ಬಿಳಿ. ಪೇಂಟಿನ ಮೇಸ್ತ್ರಿ ಬಂದು ಗೋಡೆಯ ಮೇಲೆ ಬೆರಳಾಡಿಸಿ ಹಿಟ್ಟಿನಂಥ ಪುಡಿ ತೋರಿಸಿದ. "ಬಿಸಿಲು ತಿಂದಿದೆ ಸಾರ್."

ಬಿಸಿಲು ಹಪ್ಪಳ ಒಣಗಿಸುತ್ತದೆ, ಗೊತ್ತು. ಬಣ್ಣವನ್ನೂ ತಿನ್ನುತ್ತದೆಯೇ? ಕೆದಕಿದ ಮೇಲೆ ತಿಳಿಯಿತು, ಮೇಸ್ತ್ರಿಯ ಮಾತು ಅರ್ಧ ನಿಜ. ತಿಂದದ್ದು ಆ ಬಿಳಿಯೇ. ಬಿಸಿಲು ಅದಕ್ಕೆ ಹಸಿವು ಕೊಟ್ಟಿತ್ತು, ಅಷ್ಟೆ.

ಆ ಬಿಳಿಯ ಹೆಸರು ಟೈಟಾನಿಯಂ ಡೈಆಕ್ಸೈಡ್. ಟೂತ್‌ಪೇಸ್ಟಿನಲ್ಲಿ, ಮಾತ್ರೆಯ ಹೊದಿಕೆಯಲ್ಲಿ, ಆಫೀಸಿನ ವೈಟ್ನರ್ ಬಾಟಲಿಯಲ್ಲಿ ಇರುವುದು ಸಾಮಾನ್ಯವಾಗಿ ಇದೇ. (ಸರ್ವಿಸ್ ರಿಜಿಸ್ಟರಿಗೆ ಮಾತ್ರ ಹಚ್ಚಬೇಡಿ, ಆಡಿಟ್‌ನವರು ಬಿಡುವುದಿಲ್ಲ.) ಇಷ್ಟು ಬೆಳ್ಳಗಿನ ವಸ್ತುವಿನ ತವರು ಮಾತ್ರ ಕಪ್ಪು ಮರಳು. ಚಿಕ್ಕಂದಿನಲ್ಲಿ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ಮರಳುರಾಶಿಯಲ್ಲಿ ಎಳೆದಾಡಿ, ಮೀಸೆಯಂತೆ ಅಂಟಿಕೊಳ್ಳುತ್ತಿದ್ದ ಕರಿಪುಡಿಯನ್ನು ಪೊಟ್ಟಣ ಕಟ್ಟುತ್ತಿದ್ದೆವು. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿಯೂ ಹೊಳೆಯ ಕರಿಮರಳಿಗೆ ಅಯಸ್ಕಾಂತ ಹಿಡಿದ. ಕಬ್ಬಿಣ ತೆಗೆದ ಮೇಲೆ ಉಳಿದದ್ದರಲ್ಲಿ ಅಲ್ಲಿಯತನಕ ಯಾರೂ ಕಾಣದ ಲೋಹವೊಂದರ ಸುಳಿವು ಅವನಿಗೆ ದಕ್ಕಿತು. ನಮಗೆ ದಕ್ಕಿದ್ದು ಮರಳು ಚೆಲ್ಲಿದ್ದಕ್ಕೆ ಕಿವಿಹಿಂಡು. 1795ರಲ್ಲಿ ಬರ್ಲಿನ್ನಿನ ಕ್ಲಾಪ್ರೋಟ್ ಆ ಲೋಹಕ್ಕೆ ಟೈಟಾನಿಯಂ ಎಂದು ಹೆಸರಿಟ್ಟ. ಗ್ರೀಕರ ಪುರಾಣದ ಭೂಮಿಪುತ್ರರು ಟೈಟನ್ನರು.

ನಮ್ಮ ನೆರೆಯ ತಿರುವಾಂಕೂರಿನ ಕರಿಮರಳಿನ ಕಥೆ ಇನ್ನೂ ಸೊಗಸು. ಅಲ್ಲಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ 1909ರಲ್ಲಿ ಶೋಮ್‌ಬರ್ಗ್ ಎಂಬ ಜರ್ಮನ್ ರಸಾಯನಜ್ಞ ಗ್ಯಾಸ್‌ಲೈಟಿನ ಮ್ಯಾಂಟಲ್‌ಗೆ ಬೇಕಾದ ಮೋನಜೈಟ್ ಕಂಡ. ಅದರ ಜೊತೆಗಿದ್ದ ಇಲ್ಮನೈಟ್ ಎಂಬ ಕರಿಹರಳಿನಿಂದಲೇ ಇಂದು ಬಿಳಿ ಹುಟ್ಟುವುದು. ತಿರುವನಂತಪುರದ ಹಳೆಯ ಕಾರ್ಖಾನೆ ಅದನ್ನು ಗಂಧಕಾಮ್ಲದಲ್ಲಿ ಕರಗಿಸಿ ಅನಟೇಸ್ ಎಂಬ ಬಗೆಯನ್ನು ತೆಗೆಯುತ್ತದೆ. ಚವರದ ಕಾರ್ಖಾನೆ ಕ್ಲೋರಿನ್ ಹಾಯಿಸಿ ರೂಟೈಲ್ ಎಂಬ ಬಗೆಯನ್ನು.

ಒಂದೇ ಹಿಟ್ಟು, ಹೊಯ್ದಂತೆ ಇಡ್ಲಿ, ದೋಸೆ, ಪಡ್ಡು. ಇಲ್ಲಿಯೂ ಹಾಗೆ: ಅವೇ ಪರಮಾಣುಗಳು, ಕೂತ ಭಂಗಿ ಬೇರೆ. ಬ್ರೂಕೈಟ್ ಎಂಬ ಮೂರನೆಯದೂ ಇದೆ, ಅಂಗಡಿಗೆ ಬರುವುದಿಲ್ಲ. ರೂಟೈಲ್ ಬೆಳಕನ್ನು ವಜ್ರಕ್ಕಿಂತ ಹೆಚ್ಚು ಬಾಗಿಸುತ್ತದೆ. ಹಿಂದೊಮ್ಮೆ ಅದರ ಹರಳನ್ನು ನಕಲಿ ವಜ್ರವೆಂದು ಮಾರುತ್ತಿದ್ದರಂತೆ. ಮೆತ್ತಗಿದ್ದು ಬೇಗ ಗೀರು ಬಿದ್ದು ಮಾನ ಹೋಯಿತು. ಪೇಂಟಿನ ಬಿಳುಪೂ ಈ ಬಾಗಿಸುವಿಕೆಯದೇ: ಹರಳಿಗೆ ಸ್ವಂತ ಬಣ್ಣವಿಲ್ಲ, ಸಕ್ಕರೆ ಪುಡಿಯಂತೆ ಬಿದ್ದ ಬೆಳಕನ್ನು ಚೆದುರಿಸಿ ಹಿಂದಕ್ಕೆ ಕಳಿಸುತ್ತದೆ. ಕಣ 200-300 ನ್ಯಾನೋಮೀಟರ್ ಇದ್ದರೆ ಹದ. ಅಕ್ಕಿಯನ್ನು ನುಣ್ಣಗೆ ರುಬ್ಬಿದಷ್ಟೂ ಬೆಳ್ಳಗಾಗುತ್ತದೆ. ಇದನ್ನು ಇನ್ನೂ ನುಣ್ಣಗೆ, ಕೆಲವೇ ಹತ್ತು ನ್ಯಾನೋಮೀಟರಿಗೆ ಇಳಿಸಿದರೆ ಬಿಳುಪೇ ಮಾಯ, ಆದರೂ ನೇರಳಾತೀತ ಕಿರಣವನ್ನು ಬಿಡದೆ ತಡೆಯುತ್ತದೆ. ಮಗಳು ಸನ್‌ಸ್ಕ್ರೀನ್ ಬಳಿದರೂ ಯಕ್ಷಗಾನದ ವೇಷದಂತೆ ಕಾಣದಿರುವ ಗುಟ್ಟು ಇದು.

ಅನಟೇಸ್ ಕೊಂಚ ನೀಲಿ ಛಾಯೆಯ ಬಿಳಿ, ಅಜ್ಜಿಯ ಗೋಡೆಯ ಹಾಗೆ. ಅಗ್ಗ ಕೂಡ. ಆದರೆ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಅದರೊಳಗಿನ ಎಲೆಕ್ಟ್ರಾನುಗಳು ಕೆರಳುತ್ತವೆ. ಮೈಮೇಲಿನ ತೇವ, ಆಮ್ಲಜನಕಗಳಿಂದ ಮುಟ್ಟಿದ್ದನ್ನೆಲ್ಲ ಕಚ್ಚುವ ಕಣಗಳು ಏಳುತ್ತವೆ. ಮೊದಲ ಬಲಿ, ತನ್ನನ್ನು ಗೋಡೆಗೆ ಹಿಡಿದಿಟ್ಟ ಅಂಟು. ಅಂಟು ಹೋದ ಬಿಳಿಗೆ ನನ್ನ ಬೆನ್ನೇ ಗತಿ. ರೂಟೈಲ್‌ಗೂ ಈ ಚಾಳಿ ಉಂಟು, ಕಡಿಮೆ. ಅದಕ್ಕೂ ಅಲ್ಯುಮಿನಾ, ಸಿಲಿಕಾಗಳ ತೆಳು ಅಂಗಿ ತೊಡಿಸಿಯೇ ಡಬ್ಬಿಗೆ ತುಂಬುತ್ತಾರೆ.

ಇದೇ ಚಾಳಿಯನ್ನು ಹಿಡಿದು ಜಪಾನಿನ ಫುಜಿಶಿಮ ಮತ್ತು ಅವರ ಗುರು ಹೋಂಡಾ, ನೀರಿನಲ್ಲಿಟ್ಟ ರೂಟೈಲ್ ಹರಳಿನ ಮೇಲೆ ಬೆಳಕು ಬಿಟ್ಟು ನೀರನ್ನೇ ಜಲಜನಕ, ಆಮ್ಲಜನಕವಾಗಿ ಒಡೆದದ್ದನ್ನು 1972ರಲ್ಲಿ ಲೋಕಕ್ಕೆ ತಿಳಿಸಿದರು. 2001ರ ಹೊತ್ತಿಗೆ ಕೊಳೆಯನ್ನು ತಾನೇ ಕಳೆದುಕೊಳ್ಳುವ ಕಿಟಕಿ ಗಾಜು ಬಂತು. 2003ರಲ್ಲಿ ಮುಗಿದ ರೋಮಿನ ಜುಬಿಲಿ ಚರ್ಚಿನ ಬಿಳಿ ಗೋಡೆಗಳ ಸಿಮೆಂಟಿಗೆ ಬೇಕೆಂದೇ ಇದನ್ನು ಬೆರೆಸಿದ್ದಾರೆ. ಬಿಸಿಲಿಗೆ ಮಸಿ ಕರಗಲಿ ಎಂದು. ನನ್ನ ಗೋಡೆಯ ಕಳ್ಳ ಅಲ್ಲಿ ಕಾವಲುಗಾರ.

ಹೊಟ್ಟೆಗೆ ಮಾತ್ರ ಇದು ಬೇಡ ಎಂದು ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರದಲ್ಲಿ ನಿಷೇಧಿಸಿತು. ಸಿಹಿತಿಂಡಿ ಬೆಳ್ಳಗಿರಲೇಬೇಕೆಂಬ ಹಟ ನನಗೂ ಇಲ್ಲ.

ಮುಂದಿನ ವಾರ ಮೇಸ್ತ್ರಿ ಮತ್ತೆ ಬರುತ್ತಾನೆ. ನೀವೂ ಹೊರಗೋಡೆಗೆ ಬಿಳಿ ಹೊಡೆಸುವವರಿದ್ದರೆ ಅಂಗಡಿಯಲ್ಲಿ ಒಂದು ಮಾತು ಕೇಳಿ: ಇದರಲ್ಲಿರುವುದು ರೂಟೈಲೋ, ಅನಟೇಸೋ? ಉತ್ತರ ಬರುವ ತನಕ ಗೋಡೆಗೆ ಒರಗಬೇಡಿ.