ನೆರಳಿಗೊಪ್ಪುವ ಗಿಡ

ತಂದೆ ತೀರಿಕೊಂಡ ಮೇಲೆ ಉಮ್ಮ ಹಳ್ಳಿ ಬಿಟ್ಟು ಮಂಗಳೂರಿನ ನಮ್ಮ ಮನೆಗೆ ಬಂದರು. ಊರಿನ ಅಂಗಳದಲ್ಲಿ ಅವರೇ ಬೆಳೆಸಿದ ಮಲ್ಲಿಗೆಯಿತ್ತು. ಇಲ್ಲಿರುವುದು ಅಡುಗೆ ಕೋಣೆಯ ಕಿಟಕಿಗೂ ಆವರಣ ಗೋಡೆಗೂ ನಡುವೆ ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲದ ಮಣ್ಣು. ಅದರ ಮೇಲೆ ನೆರೆಮನೆಯ ಹಲಸಿನ ಮರದ ನೆರಳು.

ಉಮ್ಮನಿಗೆ ಬೇಸರವಾಗಬಾರದೆಂದು ಅಲ್ಲೇ ಒಂದು ಮಲ್ಲಿಗೆ, ಒಂದು ಮದರಂಗಿ ತಂದು ನೆಟ್ಟೆ. ಎರಡೂ ಬಿಸಿಲಿನ ಗಿಡಗಳು. ಮಲ್ಲಿಗೆ ಬೆಳಕು ಹುಡುಕುತ್ತಾ ಉದ್ದುದ್ದ ಬೆಳೆಯಿತೇ ಹೊರತು ಮೊಗ್ಗು ಬಿಡಲಿಲ್ಲ. ಮದರಂಗಿ ಮಳೆಗಾಲದಲ್ಲಿ ಕೊಳೆತೇ ಹೋಯಿತು. ದಿನಾ ಸಂಜೆ ಎಲೆ ಸರಿಸಿ ಮೊಗ್ಗು ಹುಡುಕುತ್ತಿದ್ದ ಉಮ್ಮ ಕೊನೆಗೆ ಅತ್ತ ಹೋಗುವುದನ್ನೇ ಬಿಟ್ಟರು. ಕೊಂಬೆ ಕಡಿಸಿರೆಂದು ನೆರೆಯವರಿಗೆ ಹೇಳಲು ನಾನು ಹೊರಟಾಗ ಅವರೇ ತಡೆದರು.

"ಮರ ನಮಗಿಂತ ಮೊದಲೇ ಅಲ್ಲಿತ್ತು. ಬೇರೆ ಗಿಡ ನೋಡು."

ಈ ಬಾರಿ ಗಿಡ ತರುವ ಮೊದಲು ಒಂದು ವಾರ ಬಿಸಿಲಿನ ಲೆಕ್ಕ ಇಟ್ಟೆವು. ನಿಮ್ಮಲ್ಲೂ ಇಂಥ ಜಾಗವಿದ್ದರೆ ಮೊದಲು ಅದನ್ನೇ ಮಾಡಿ. ನಮ್ಮ ಮೂಡಣ ಮೂಲೆಗೆ ಬೆಳಿಗ್ಗೆ ಎರಡು ಗಂಟೆ ಬಿಸಿಲು. ಉಳಿದೆಡೆ ಎಲೆಗಳ ಸಂದಿನಿಂದ ಸೋಸಿ ಬರುವ ಬೆಳಕು ಮಾತ್ರ. ನರ್ಸರಿಯಲ್ಲಿ ಗಿಡ ಈಗ ಎಷ್ಟಿದೆಯೆಂದು ನೋಡದೆ, ಐದು ವರ್ಷದಲ್ಲಿ ಎಷ್ಟಾಗುತ್ತದೆಂದು ಕೇಳಿದೆವು. ಬಿಸಿಲಿನ ಮೂಲೆಗೆ ನಂದಿಬಟ್ಟಲಿನ ಗಿಡ್ಡ ತಳಿ ಬಂತು. ತೀರಾ ಕತ್ತಲಿನ ಕೊನೆಗೆ ಡ್ರಸೀನಾ. ಅದು ಹೂವಿಗಲ್ಲ, ಎಲೆಗೆ. ನಡುವೆ ಒಂದೂವರೆ ಅಡಿಗೊಂದರಂತೆ ಕನಕಾಂಬರ. ಅರೆನೆರಳಲ್ಲೂ ಹೂ ಬಿಡುವ ಗಿಡವದು. ಎರಡು ಮೂರು ಅಡಿಗಿಂತ ಹೆಚ್ಚು ಬೆಳೆಯುವುದಿಲ್ಲ, ತುದಿ ಚಿವುಟಿದರೆ ಪೊದೆಯಾಗುತ್ತದೆ. ಕರಾವಳಿಯ ಮಳೆಗೆ ಬೇರು ಕೊಳೆಯದಂತೆ ಮಣ್ಣನ್ನು ಅರ್ಧ ಅಡಿ ಏರಿಸಿದೆವು.

ಕನಕಾಂಬರಕ್ಕೆ ಪರಿಮಳವಿಲ್ಲ. ಮಲ್ಲಿಗೆಯ ಜೊತೆ ಬದುಕಿದವರಿಗೆ ಇದು ಹಿಡಿಸೀತೇ ಎಂಬ ಅಳುಕು ನನಗಿತ್ತು. ಮೊದಲ ಹೂಗಳನ್ನು ಕಟ್ಟಿ ಮೊಮ್ಮಗಳಿಗೆ ಮುಡಿಸುತ್ತಾ ಉಮ್ಮ ಅಂದರು: "ಮಲ್ಲಿಗೆ ನಾಳೆಗೆ ಬಾಡುತ್ತದೆ. ಇದು ನಾಡಿದ್ದಿಗೂ ಇರುತ್ತದೆ."

ಕನಕಾಂಬರದ ಒಣಕಾಯಿಗೆ ನೀರು ತಾಗಿದರೆ ಪಟ್ಟನೆ ಸಿಡಿದು ಬೀಜ ಚೆಲ್ಲುತ್ತದೆ. ಮರುವರ್ಷದ ಮೊದಲ ಮಳೆಗೆ ನಾವು ಬಿತ್ತದ ಕಡೆಯೆಲ್ಲ ಸಸಿಗಳೆದ್ದವು. ಅವುಗಳಲ್ಲಿ ನಾಲ್ಕನ್ನು ತೆಂಗಿನ ಚಿಪ್ಪುಗಳಲ್ಲಿಟ್ಟುಕೊಂಡು ಉಮ್ಮ ನೆರೆಮನೆಯ ಗೇಟಿನತ್ತ ಹೊರಟರು. ಹಲಸಿನ ಮರದಡಿ ಅವರಲ್ಲೂ ಏನೂ ಹೂ ಬಿಡುತ್ತಿರಲಿಲ್ಲವಂತೆ.