ಬಾವಲಿಯ ಪದ್ಯಕ್ಕೆ ಸಿಕ್ಕ ಮಾರ್ಕ್ಸು

ಮೂರು ವರ್ಷದ ಹಿಂದಿನ ಮಾತು. ಪಿಎಚ್.ಡಿ.ಗೆ ನೋಂದಣಿಯಾಗಿ ವರ್ಷ ಕಳೆದಿತ್ತು. ಕೈಖರ್ಚಿಗೆಂದು ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಎರಡನೇ ಬಿ.ಎ.ಯ ಹುಡುಗಿಯೊಬ್ಬಳು ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ಮುಂದಿಟ್ಟು, "ಮೇಡಂ, ಪದ್ಯ ಬರ್ದಿದೀನಿ, ನೋಡ್ತೀರಾ?" ಎಂದಳು.

ಲಾರಿ ಓಡಿಸಲು ಹೋದ ಅಪ್ಪ ತಿರುಗಿ ಬಂದಿಲ್ಲ. ರಾತ್ರಿ ಎಲ್ಲರ ಊಟವಾದ ಮೇಲೆ ಅಮ್ಮ ಬೇರೆ ತಟ್ಟೆಗಳ ಜೊತೆ ಯಾರೂ ಉಣ್ಣದ ಆ ತಟ್ಟೆಯನ್ನೂ ತೊಳೆದು ಬೋರಲು ಹಾಕುತ್ತಾಳೆ. ಪದ್ಯದಲ್ಲಿದ್ದದ್ದು ಇಷ್ಟೇ. ನಾನು ಕೆಂಪು ಪೆನ್ನು ತೆಗೆದೆ. "ಪ್ರತಿಮೆ ಚೆನ್ನಾಗಿದೆ. ಆದರೆ 'ತಟ್ಟೆ' ಮೂರು ಸಲ ಬಂತು, ಪುನರುಕ್ತಿ. ಕೊನೆಯ ಸಾಲು ವಾಚ್ಯವಾಯ್ತು, ತೆಗೆದರೆ ಪದ್ಯ ಬಿಗಿಯಾಗುತ್ತೆ" ಎಂದೆ. ಅವಳು "ಆಯ್ತು ಮೇಡಂ" ಎಂದು ಹಾಳೆ ಮಡಚಿಕೊಂಡು ಹೋದಳು. ಆಮೇಲೆ ಯಾವ ಪದ್ಯವನ್ನೂ ತರಲಿಲ್ಲ. ಒಳ್ಳೆಯ ಮೇಷ್ಟ್ರ ಕೆಲಸ ಮಾಡಿದೆನೆಂದೇ ನಾನು ತಿಳಿದಿದ್ದೆ.

ನನ್ನ ಸಂಶೋಧನೆ ನವ್ಯ ವಿಮರ್ಶೆಯ ಬಗ್ಗೆ. ಅದರ ಬೇರು ಹುಡುಕುತ್ತ ಹೋದವರು ಅಮೆರಿಕದ 'ನ್ಯೂ ಕ್ರಿಟಿಸಿಸಂ' ದಾಟದೆ ಮುಂದೆ ಹೋಗುವಂತಿಲ್ಲ. ಆ ಪಂಥಕ್ಕೆ ಹೆಸರು ಕೊಟ್ಟ 1941ರ ಪುಸ್ತಕ ಜಾನ್ ಕ್ರೋ ರಾನ್ಸಮ್ ಅವರದು. ರಾನ್ಸಮ್ ಶಿಷ್ಯರಲ್ಲೊಬ್ಬ ರ‍್ಯಾಂಡಲ್ ಜರೆಲ್. ನನ್ನ ಪ್ರಬಂಧದಲ್ಲಿ ಅವನಿಗೆ ಸಿಕ್ಕಿದ್ದು ಒಂದು ಅಡಿಟಿಪ್ಪಣಿ ಮಾತ್ರ. ಚರ್ಚ್‌ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಅದೇ ಹೆಸರು ಒಂದು ಮಕ್ಕಳ ಪುಸ್ತಕದ ಮೇಲೆ ಕಂಡಾಗ ಆಶ್ಚರ್ಯವಾಯಿತು. 1964ರ 'ದಿ ಬ್ಯಾಟ್-ಪೊಯಟ್'. ಚಿತ್ರಗಳು ಮಾರಿಸ್ ಸೆಂಡಾಕ್ ಅವರವು. ಬಸ್ಸಿನಲ್ಲಿ ಓದಲು ಕೂತೆ.

ಒಂದು ಪುಟ್ಟ ಬಾವಲಿ. ಉಳಿದ ಬಾವಲಿಗಳು ಮಲಗಿರುವ ಹಗಲಿನಲ್ಲಿ ಅದು ಎಚ್ಚರವಿದ್ದು ಲೋಕ ನೋಡುತ್ತದೆ, ಪದ್ಯ ಕಟ್ಟುತ್ತದೆ. ತನ್ನವರಿಗೆ ಅದು ಬೇಡ. ಒಮ್ಮೆ ಗೂಬೆಯ ಬಾಯಿಂದ ಕೂದಲೆಳೆಯಲ್ಲಿ ಪಾರಾದ ಬಾವಲಿ ಆ ಭಯವನ್ನೇ ಪದ್ಯ ಮಾಡಿ, ತಾನು ಮೆಚ್ಚಿದ ದೊಡ್ಡ ಹಾಡುಗಾರ ಮಾಕಿಂಗ್‌ಬರ್ಡ್ ಹಕ್ಕಿಗೆ ಒಪ್ಪಿಸುತ್ತದೆ. ಹಕ್ಕಿ ಪದ್ಯವನ್ನು ಹೊಗಳುತ್ತದೆ: ಪ್ರಾಸದ ಕ್ರಮ ಬದಲಿಸಿದ್ದು ಸೊಗಸಾಗಿದೆ, ಕೊನೆಯ ಸಾಲಿನಲ್ಲಿ ಎರಡು ಗಣ ಕಡಿಮೆ ಮಾಡಿದ್ದು ಜಾಣತನ. ಬಾವಲಿ ಪೆಚ್ಚಾಗುತ್ತದೆ. ಗೂಬೆ ತನ್ನನ್ನು ಕೊಂದೇಬಿಡುತ್ತಿತ್ತು, ಇವರು ನೋಡಿದರೆ ಪ್ರಾಸ ಎಣಿಸುತ್ತಿದ್ದಾರಲ್ಲ! ಅದೇ ಪದ್ಯವನ್ನು ಅಳಿಲಿನಂಥ ಚಿಪ್‌ಮಂಕ್ ಕೇಳಿದಾಗ ಅದಕ್ಕೆ ನಡುಕ ಹುಟ್ಟುತ್ತದೆ. ಛಂದಸ್ಸು ಅದಕ್ಕೆ ಗೊತ್ತಿಲ್ಲ, ಗೂಬೆ ಗೊತ್ತು.

ಪುಸ್ತಕ ಮುಚ್ಚಿದೆ. ಆ ಹಾಳೆಯ ಮೇಲಿನ ನನ್ನ ಕೆಂಪು ಗೀಟುಗಳು ಕಣ್ಣಮುಂದೆ ಬಂದವು.

ಅಲ್ಲಿಂದ ಜರೆಲ್‌ನನ್ನು ಹುಡುಕಿಕೊಂಡು ಓದಿದೆ. ಹುಟ್ಟಿದ್ದು 1914ರಲ್ಲಿ, ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಪೈಲಟ್ ಆಗಲು ಹೋಗಿ, ಆಗಲಾರದೆ, ವಿಮಾನ ನಡೆಸುವ ಹುಡುಗರಿಗೆ ನಕ್ಷತ್ರ ನೋಡಿ ದಿಕ್ಕು ಹಿಡಿಯುವುದನ್ನು ಕಲಿಸುವ ಕೆಲಸಕ್ಕೆ ನಿಂತ. ಅವನು ಕಲಿಸಿ ಕಳಿಸಿದವರು ಹೋದದ್ದು ಯುದ್ಧಕ್ಕೆ. ಅವನ ಅತಿ ಪ್ರಸಿದ್ಧ ಕವಿತೆ ಬಾಂಬರ್ ವಿಮಾನದ ಹೊಟ್ಟೆಗೆ ಅಂಟಿಸಿದ ಗಾಜಿನಂಥ ಗೋಳದೊಳಗೆ ಮುದುರಿ ಕೂತ ಬಂದೂಕುಗಾರನದು. ಬರೀ ಐದು ಸಾಲು. ಸತ್ತ ಹುಡುಗನೇ ಅಲ್ಲಿ ಮಾತಾಡುತ್ತಾನೆ. ಅವನಿಗೆ ಹೆಸರೂ ಇಲ್ಲ.

ಯುದ್ಧ ಮುಗಿದ ಮೇಲೆ ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ಹೆಣ್ಣುಮಕ್ಕಳ ಕಾಲೇಜಿನ ಮೇಷ್ಟ್ರಾದ. 1953ರಲ್ಲಿ ಬಂದ 'ಪೊಯೆಟ್ರಿ ಅಂಡ್ ದಿ ಏಜ್' ಅವನಿಗೆ ವಿಮರ್ಶಕನೆಂಬ ದೊಡ್ಡ ಹೆಸರು ತಂದ ಪುಸ್ತಕ. ಅದರಲ್ಲಿ ತನ್ನ ಕಾಲವನ್ನು ವಿಮರ್ಶೆಯ ಯುಗವೆಂದು ಕರೆದು ಗೇಲಿ ಮಾಡುವ ಲೇಖನವೊಂದಿದೆ. ಕೃತಿಗಿಂತ ಕೃತಿಯ ಮೇಲಿನ ಬರಹವೇ ಹೆಚ್ಚು ಓದಿಸಿಕೊಳ್ಳುತ್ತಿದೆ ಎಂಬುದು ಅವನ ಸಂಕಟ. ನಾನು ನನ್ನ ಮೂರನೇ ಅಧ್ಯಾಯ ತೆರೆದು ನೋಡಿದೆ. 64 ಅಡಿಟಿಪ್ಪಣಿಗಳಿದ್ದವು. ಅಲ್ಲಿ ಚರ್ಚಿಸಿದ ಕವಿಯ ಒಂದು ಪದ್ಯವನ್ನಾದರೂ ಪೂರ್ತಿ ಓದಿ ಎಷ್ಟು ತಿಂಗಳಾಯಿತು? ಲೆಕ್ಕ ಹಾಕಲು ನಾಚಿಕೆಯಾಯಿತು.

ಅದೇ ಪುಸ್ತಕದಲ್ಲಿ ವಾಲ್ಟ್ ವಿಟ್ಮನ್ ಕುರಿತ ಲೇಖನವಿದೆ. ಆಗ ಪಂಡಿತರ ವಲಯದಲ್ಲಿ ವಿಟ್ಮನ್‌ನಿಗೆ ಅಷ್ಟು ಮರ್ಯಾದೆ ಇರಲಿಲ್ಲ. ಜರೆಲ್ ಅವನ ಪರವಾಗಿ ಸಿದ್ಧಾಂತ ಹೂಡುವ ಗೋಜಿಗೆ ಹೋಗದೆ ವಿಟ್ಮನ್‌ನ ಸಾಲುಗಳನ್ನೇ ಒಂದಾದ ಮೇಲೊಂದು ಎತ್ತಿ ತೋರಿಸುತ್ತಾನೆ. ನೋಡಿ, ಇದನ್ನು ನೋಡಿ, ಎಂದು ತೋಳು ಹಿಡಿದೆಳೆಯುವ ಗೆಳೆಯನಂತೆ. ರಾಬರ್ಟ್ ಫ್ರಾಸ್ಟ್‌ನನ್ನು ಹಳ್ಳಿಯ ಒಳ್ಳೆಯ ಅಜ್ಜನೆಂದಷ್ಟೇ ತಿಳಿದವರಿಗೆ ಅವನ ಕತ್ತಲ ಪದ್ಯಗಳನ್ನು ತೋರಿಸಿಕೊಟ್ಟವನೂ ಇವನೇ.

ಹಾಗೆಂದು ಜರೆಲ್ ಸಾಧುವೇನಲ್ಲ. ಪತ್ರಿಕೆಗಳಿಗೆ ಬರೆದ ವಿಮರ್ಶೆಗಳಲ್ಲಿ ದುರ್ಬಲ ಕವಿಗಳನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಅವನ ನಾಲಿಗೆಗೆ ಹೆದರದ ಕವಿಗಳು ಕಡಿಮೆ. ಅದಕ್ಕೇ ಇರಬೇಕು, ಮಕ್ಕಳ ಕತೆಯ ಆ ಹಕ್ಕಿ ಬರೀ ಖಳನಾಗಿಲ್ಲ. ಅದು ನಿಜಕ್ಕೂ ಚೆನ್ನಾಗಿ ಹಾಡುತ್ತದೆ, ಆದರೆ ಅಂಗಳದಲ್ಲಿ ಬೇರೆ ಯಾರನ್ನೂ ಸಹಿಸುವುದಿಲ್ಲ. ಹಕ್ಕಿಯೂ ಅವನೇ, ಬಾವಲಿಯೂ ಅವನೇ ಎಂದು ನನಗನ್ನಿಸುತ್ತದೆ. ಗಣ ಎಣಿಸುವುದು ತಪ್ಪಲ್ಲ, ಅದು ನನ್ನ ಕಸುಬು. ಗೂಬೆಯನ್ನು ಕಾಣದೆ ಎಣಿಸಿದ್ದು ತಪ್ಪು.

1965ರ ಅಕ್ಟೋಬರ್ 14ರಂದು ಚಾಪೆಲ್ ಹಿಲ್ ಬಳಿ ಮುಸ್ಸಂಜೆಯಲ್ಲಿ ರಸ್ತೆಬದಿ ನಡೆಯುತ್ತಿದ್ದಾಗ ಕಾರು ಬಡಿದು ಜರೆಲ್ ತೀರಿಕೊಂಡ. 51 ವರ್ಷ. ಅಪಘಾತವೆಂದು ದಾಖಲಾಯಿತು. ಅದಕ್ಕೆ ಮುಂಚೆ ಅವನ ಮನಸ್ಸು ತೀರ ಕುಸಿದಿತ್ತಾದ್ದರಿಂದ ಅದು ಬರೀ ಅಪಘಾತವೇ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಎರಡು ವರ್ಷದ ನಂತರ ಗೆಳೆಯರಾದ ರಾಬರ್ಟ್ ಲೋವೆಲ್, ಪೀಟರ್ ಟೇಲರ್ ಮತ್ತು ರಾಬರ್ಟ್ ಪೆನ್ ವಾರನ್ ಸೇರಿ ಅವನ ನೆನಪಿನ ಸಂಪುಟ ತಂದರು.

ಆ ಹುಡುಗಿ ಮತ್ತೆ ಸಿಕ್ಕಿದ್ದು ಕೊನೆಯ ವರ್ಷದ ಹಾಲ್‌ಟಿಕೆಟ್ ಕೊಡುವ ದಿನ. "ಆ ಪದ್ಯ ಇಟ್ಕೊಂಡಿದೀಯಾ?" ಎಂದೆ. "ಇಲ್ಲ ಮೇಡಂ, ಅವತ್ತೇ ಹರ್ದಾಕ್ದೆ" ಎಂದು ನಕ್ಕಳು. ಏನು ಹೇಳಬೇಕೋ ತೋಚಲಿಲ್ಲ. ಎರಡು ವರ್ಷ ತಡವಾಗಿ, ಆ ಮಧ್ಯಾಹ್ನವೇ ಕೇಳಬೇಕಿದ್ದುದನ್ನು ಕೇಳಿದೆ: "ಆ ತಟ್ಟೆ?"

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇದೆ ಮೇಡಂ. ಅಮ್ಮ ಈಗ್ಲೂ ದಿನಾ ತೊಳೀತಾರೆ."