ಗಾಲಿ ಮನೆಯಲ್ಲಿ ಕರೆಂಟ್ ಹುಡುಕಾಟ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕಾರುಗಳಷ್ಟೇ ಸಹಜವಾಗಿ ಮನೆಗಳೂ ರಸ್ತೆಯ ಮೇಲೆ ಓಡಾಡುತ್ತವೆ. ಹೊರಗಿನಿಂದ ನೋಡಿದರೆ ಬಿಳಿಯ ಮಿನಿ ಬಸ್ಸು. ಬಾಗಿಲು ತೆರೆದರೆ ಒಲೆ, ಸಿಂಕು, ಫ್ರಿಜ್ಜು, ಹಗಲು ಸೋಫಾ, ರಾತ್ರಿ ಹಾಸಿಗೆಯಾಗುವ ಆಸನ, ಮೂಲೆಯಲ್ಲೊಂದು ಪುಟ್ಟ ಬಚ್ಚಲು. ಇದರ ಹೆಸರು ಮೋಟರ್‌ಹೋಮ್. ನಮ್ಮ ಹತ್ತು ವರ್ಷದ ಮೊಮ್ಮಗಳು ಮೊದಲ ದಿನವೇ ಅದಕ್ಕೆ ‘ಗಾಲಿ ಮನೆ’ ಎಂದು ನಾಮಕರಣ ಮಾಡಿಬಿಟ್ಟಳು.

ಏಪ್ರಿಲ್‌ನಲ್ಲಿ ಮಗ, ಸೊಸೆ, ಮೊಮ್ಮಗಳು, ನನ್ನಾಕೆ ಮತ್ತು ನಾನು ಕ್ರೈಸ್ಟ್‌ಚರ್ಚ್ ನಗರದಿಂದ ಬಾಡಿಗೆಯ ಗಾಲಿ ಮನೆಯಲ್ಲಿ ಹೊರಟೆವು. ನಮ್ಮೂರಿನಲ್ಲಿ ಬಿಸಿಲು ಸುಡುವ ಏಪ್ರಿಲ್, ಅಲ್ಲಿ ಎಲೆ ಉದುರುವ ಕಾಲ. ಮೂರು ಗಂಟೆಯ ದಾರಿ ಕಳೆದ ಮೇಲೆ ಟೆಕಾಪೋ ಸರೋವರ ಕಾಣಿಸಿತು. ಹಾಲಿಗೆ ನೀಲಿ ಬೆರೆಸಿದಂಥ ಬಣ್ಣ! ಮೇಲಿನ ಹಿಮನದಿಗಳು ಜಾರುವಾಗ ತಳದ ಬಂಡೆಯನ್ನು ಬೀಸುವ ಕಲ್ಲಿನಂತೆ ಅರೆಯುತ್ತವೆ. ಆ ಕಲ್ಲುಹಿಟ್ಟು ನೀರಿನಲ್ಲಿ ತೇಲುತ್ತಾ ಬೆಳಕನ್ನು ಚದುರಿಸುವುದರಿಂದ ಈ ಬಣ್ಣ. ದಡದಲ್ಲಿ 1935ರಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಚರ್ಚು ಇದೆ. ಈ ಸರೋವರದ ನೀರಿನಿಂದ ವಿದ್ಯುತ್ ತೆಗೆಯುವ ಮೊದಲ ಕೇಂದ್ರ 1951ರಲ್ಲಿ ಆರಂಭವಾಯಿತು. ಅಲ್ಲಿಂದ ಹೊರಬಿದ್ದ ನೀರು ಸುಮಾರು 25 ಕಿ.ಮೀ. ಕಾಲುವೆಯಲ್ಲಿ ಹರಿದು, ಪುಕಾಕಿ ಸರೋವರದ ದಡದಲ್ಲಿ ಇನ್ನೊಮ್ಮೆ ವಿದ್ಯುತ್ ಕೊಡುತ್ತದೆ. ನನ್ನಾಕೆಗೆ ಕೂಡಲೇ ನಮ್ಮ ಶಿವನಸಮುದ್ರ ನೆನಪಾಯಿತು.

ಗಾಲಿ ಮನೆಗೆ ಕರೆಂಟ್ ಎಲ್ಲಿಂದ?

ಟೆಕಾಪೋದಲ್ಲಿ ತಂಗಿದಾಗ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ಗಾಲಿ ಮನೆಯಲ್ಲಿ ಎರಡು ಬಗೆಯ ಕರೆಂಟ್ ಇರುತ್ತದೆ. ಒಂದು, ನಮ್ಮ ಮನೆಗಳಲ್ಲಿರುವಂಥದ್ದೇ 230 ವೋಲ್ಟ್. ತಂಗುದಾಣದ ಕಂಬದಲ್ಲಿರುವ ನೀಲಿ ಸಾಕೆಟ್ಟಿಗೆ ದಪ್ಪ ಕೇಬಲ್ ಸಿಕ್ಕಿಸಿದರೆ ಅದು ಬರುತ್ತದೆ. ಗೋಡೆಯ ಪ್ಲಗ್ಗು, ಮೈಕ್ರೋವೇವ್ ಅದರಿಂದ ನಡೆಯುತ್ತವೆ. ಇನ್ನೊಂದು 12 ವೋಲ್ಟ್. ಇದು ಆಸನದ ಕೆಳಗಿನ ‘ಮನೆ ಬ್ಯಾಟರಿ’ಯದ್ದು. ದೀಪ, ನೀರಿನ ಪಂಪು, ಫ್ರಿಜ್ಜು, ಹೀಟರ್ ಇದರಿಂದಲೇ ನಡೆಯಬೇಕು. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬೇರೆ. ರಾತ್ರಿ ದೀಪ ಉರಿಸಿ ಮನೆ ಬ್ಯಾಟರಿ ಬರಿದಾದರೂ ಬೆಳಿಗ್ಗೆ ಗಾಡಿ ಹೊರಡಬೇಕಲ್ಲ, ಅದಕ್ಕೆ ಈ ಏರ್ಪಾಡು. ಗಾಡಿ ಓಡುವಾಗ, ಕಂಬದ ಕೇಬಲ್ ಸಿಕ್ಕಿಸಿದಾಗ ಮನೆ ಬ್ಯಾಟರಿಗೆ ಚಾರ್ಜ್ ಆಗುತ್ತದೆ.

‘ಅಂದರೆ ಇದು ಹಿತ್ತಲ ನೀರಿನ ತೊಟ್ಟಿ ಇದ್ದ ಹಾಗೆ, ಅಲ್ವಾ ತಾತ?’ ಎಂದಳು. ಸರಿಯಾದ ಮಾತು. ತೊಟ್ಟಿಯ ನೀರಿನ ಎತ್ತರ ವೋಲ್ಟ್. ಕೊಳವೆಯಲ್ಲಿ ಹರಿಯುವ ನೀರು ಆಂಪೇರ್. ಕೊಳವೆಯೊಳಗಿನ ಅಡೆತಡೆ ಓಮ್.

ಮೋಡ ಸೀಳುವ ಶಿಖರ

ಮರುದಿನ ಸುಮಾರು 105 ಕಿ.ಮೀ. ಸಾಗಿ ಮೌಂಟ್ ಕುಕ್ ತಲುಪಿದೆವು. 3,724 ಮೀಟರ್ ಎತ್ತರದ ಈ ಶಿಖರ ನ್ಯೂಜಿಲೆಂಡಿನಲ್ಲೇ ಎತ್ತರವಾದದ್ದು. ಎವರೆಸ್ಟ್ ಏರುವ ಮುನ್ನ ಎಡ್ಮಂಡ್ ಹಿಲರಿ ಪಳಗಿದ್ದು ಈ ಬೆಟ್ಟಗಳಲ್ಲೇ. ಮಾವೊರಿ ಜನ ಇದನ್ನು ಆವೊರಾಕಿ ಎನ್ನುತ್ತಾರೆ. ಮೋಡ ಸೀಳುವವನು ಎಂದು ಅರ್ಥ ಹೇಳುತ್ತಾರೆ. ಆಕಾಶ ದೇವನ ಮಗ ಆವೊರಾಕಿ ತಮ್ಮಂದಿರೊಡನೆ ದೋಣಿಯಲ್ಲಿ ಬಂದನಂತೆ. ದೋಣಿ ಸಿಲುಕಿ ವಾಲಿತು. ಎಲ್ಲರೂ ಮೇಲಿನ ಅಂಚಿಗೆ ಹತ್ತಿ ಕುಳಿತರು. ದಕ್ಷಿಣದ ಕೊರೆಯುವ ಗಾಳಿ ಬೀಸಿ ಅವರನ್ನೆಲ್ಲ ಕಲ್ಲಾಗಿಸಿತು. ದೋಣಿಯೇ ದಕ್ಷಿಣ ದ್ವೀಪ, ಅಣ್ಣನೇ ಈ ಶಿಖರ!

ಶಿಖರದ ಅಡಿಯಲ್ಲಿ ವೈಟ್ ಹಾರ್ಸ್ ಹಿಲ್ ಎಂಬ ಸರ್ಕಾರಿ ತಂಗುದಾಣವಿದೆ. ಕಣ್ಣೆದುರಿಗೇ ಹಿಮದ ಗೋಡೆ. ಆಗಾಗ ಮಂಜುಗಡ್ಡೆ ಕುಸಿದು ಗುಡುಗಿನಂಥ ಸದ್ದು. ಆದರೆ ಇಲ್ಲಿ ಕರೆಂಟ್ ಕಂಬವಿಲ್ಲ. ಎಲ್ಲಕ್ಕೂ ಮನೆ ಬ್ಯಾಟರಿಯೇ ಗತಿ.

ಸೂರ್ಯ ಮುಳುಗುತ್ತಲೇ ಚಳಿ ಸೊನ್ನೆಯತ್ತ ಇಳಿಯತೊಡಗಿತು. ಮಗ ಹೀಟರ್ ಹಾಕಿದ. ಅದು ಉರಿಸುವುದು ಡೀಸೆಲ್ಲನ್ನೇ. ಆದರೆ ಹೊತ್ತಿಕೊಳ್ಳಲು, ಫ್ಯಾನು ತಿರುಗಲು ಕರೆಂಟ್ ಬೇಕು. ಒಂದು ನಿಮಿಷ ಗುಂಯ್‌ಗುಟ್ಟಿತು, ದೀಪಗಳು ಮಂಕಾದವು, ಹೀಟರ್ ನಿಂತೇಹೋಯಿತು. ಮತ್ತೆ ಹಾಕಿದರೆ ಮತ್ತೆ ಅದೇ ಕಥೆ. ನನ್ನಾಕೆಗೆ ಉಬ್ಬಸ. ತಣ್ಣನೆ ಗಾಳಿ ತಾಕಿದರೆ ಎದೆ ಬಿಗಿಯುತ್ತದೆ. ಆಗಲೇ ಎರಡು ಸಲ ಇನ್‌ಹೇಲರ್ ತೆಗೆದುಕೊಂಡಿದ್ದಳು. ಬಾಡಿಗೆ ಸಂಸ್ಥೆಯವರು ಫೋನಿನಲ್ಲಿ ಸಿಕ್ಕರು. ಮೆಕ್ಯಾನಿಕ್ ಬರುವುದು ಬೆಳಿಗ್ಗೆಯೇ, ಬೇಕಿದ್ದರೆ ಬ್ಯಾಟರಿಯ ಕೊಂಡಿಗಳನ್ನು ನೀವೇ ನೋಡಬಹುದು ಎಂದರು.

‘ಗ್ಯಾಸ್ ಒಲೆ ಹಚ್ಚಿಡೋಣವೇ?’ ಎಂದು ಸೊಸೆ ಕೇಳಿದಳು. ಮಗ ಬೇಡವೇ ಬೇಡ ಎಂದ. ಮುಚ್ಚಿದ ಗಾಡಿಯಲ್ಲಿ ಒಲೆ ಉರಿಸಿ ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ.

ಒಂದೊಂದೇ ಮೆಟ್ಟಿಲು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದ ನನಗೆ ಒಂದು ಕ್ರಮ ಗೊತ್ತಿತ್ತು: ಕರೆಂಟ್ ಹುಟ್ಟುವಲ್ಲಿಂದ ಹೊರಟು, ಅದು ಹೋಗುವ ದಾರಿಯಲ್ಲೇ ನಾವೂ ನಡೆಯಬೇಕು. ಪಕ್ಕದ ವ್ಯಾನಿನಲ್ಲಿದ್ದ ಹಿರಿಯ ದಂಪತಿ ಮಲ್ಟಿಮೀಟರ್, ಸ್ಪ್ಯಾನರ್ ಕೊಟ್ಟರು. ಮೊಮ್ಮಗಳು ಟಾರ್ಚ್ ಹಿಡಿದಳು, ಲೆಕ್ಕವನ್ನೂ ಬರೆದುಕೊಂಡಳು.

ಮೊದಲು ಬ್ಯಾಟರಿ. ಆಸನ ಎತ್ತಿ, ಬ್ಯಾಟರಿಯ ಸೀಸದ ಎರಡು ಗುಬಟುಗಳಿಗೇ ಮೀಟರಿನ ಕಡ್ಡಿ ತಾಗಿಸಿದೆವು. 12.6 ವೋಲ್ಟ್. ಇಂಥ ಬ್ಯಾಟರಿ ತುಂಬಿದ್ದರೆ 12.7ರ ಹತ್ತಿರ, ಅರ್ಧ ಇದ್ದರೆ 12.2ರ ಹತ್ತಿರ ತೋರಿಸುತ್ತದೆ. ಅಂದರೆ ತೊಟ್ಟಿ ತುಂಬಿದೆ. ಎರಡನೆಯದು ಫ್ಯೂಸ್. ಅದು ಸುಟ್ಟಿರಲಿಲ್ಲ. ಸುಟ್ಟಿದ್ದರೆ ದೀಪವೂ ಉರಿಯುತ್ತಿರಲಿಲ್ಲ.

ಮೂರನೆಯದು ಮುಖ್ಯವಾದ ಪರೀಕ್ಷೆ. ಮಗ ಹೀಟರ್ ಹಾಕಿದ. ಅದು ಹೊತ್ತಿಕೊಳ್ಳಲು ಹೆಣಗುತ್ತಿರುವಾಗಲೇ ಅಳೆದೆವು. ಗುಬಟಿನ ಮೇಲೆ 12.4 ವೋಲ್ಟ್. ಅದಕ್ಕೆ ಬಿಗಿದಿದ್ದ ತಂತಿಯ ಕೊಂಡಿಯ ಮೇಲೆ 10.4! ಎರಡರ ನಡುವೆ ಕೂದಲೆಳೆಯಷ್ಟೂ ಅಂತರವಿಲ್ಲ, ಆದರೂ 2 ವೋಲ್ಟ್ ಮಾಯ.

‘ಹೀಟರ್ ಹೊತ್ತುವಾಗ ಸುಮಾರು 10 ಆಂಪೇರ್ ಎಳೆಯುತ್ತದೆ. ಈಗ ಭಾಗಿಸು’ ಎಂದೆ. 2ನ್ನು 10ರಿಂದ ಭಾಗಿಸಿ ‘0.2 ಓಮ್’ ಎಂದಳು. ಇಷ್ಟೇ ಇಷ್ಟು ತಡೆ. ದೀಪಗಳಿಗೆ ಅರ್ಧ ಆಂಪೇರ್ ಸಾಕು, ಆಗ ಕಳೆಯುವುದು ಬರೀ 0.1 ವೋಲ್ಟ್, ಯಾರಿಗೂ ತಿಳಿಯದು. ಹೀಟರ್ 10 ಆಂಪೇರ್ ಕೇಳಿದಾಗ 2 ವೋಲ್ಟ್ ಅಲ್ಲೇ ಇಂಗಿಹೋಗುತ್ತದೆ. ಹತ್ತೂವರೆ ವೋಲ್ಟಿಗಿಂತ ಕೆಳಗಿಳಿದರೆ ಹೀಟರ್ ತಾನಾಗಿಯೇ ನಿಲ್ಲುತ್ತದೆ.

‘ಹಾಗಾದರೆ ನಿನ್ನೆ ಹೇಗೆ ಉರಿಯಿತು?’ ಎಂದಳು ಮೊಮ್ಮಗಳು. ಒಳ್ಳೆಯ ಪ್ರಶ್ನೆ. ಟೆಕಾಪೋದಲ್ಲಿ ಕಂಬದ ಕರೆಂಟ್ ಇತ್ತು. ಗಾಡಿಯ ಚಾರ್ಜರ್ ನೇರವಾಗಿ ಹೀಟರಿಗೂ ಉಣಿಸುತ್ತಿತ್ತು. ಬ್ಯಾಟರಿಯ ಕೊಂಡಿಗೆ ಕೆಲಸವೇ ಬಿದ್ದಿರಲಿಲ್ಲ, ಹಾಗಾಗಿ ಅದರ ಕಾಯಿಲೆ ಕಾಣಲಿಲ್ಲ.

ಹೀಟರ್, ದೀಪ ಎಲ್ಲ ಆರಿಸಿ, ಮುಖ್ಯ ಸ್ವಿಚ್ ತೆಗೆದೆವು. ಮಗ ಉಂಗುರ, ಗಡಿಯಾರ ಬಿಚ್ಚಿಟ್ಟ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಲೋಹ ಎರಡೂ ಗುಬಟುಗಳಿಗೆ ಅಡ್ಡ ಬಿದ್ದರೆ ಕಿಡಿ ಹಾರಿ ಕೈ ಸುಡುತ್ತದೆ. ಮೊದಲು ಮೈನಸ್ ಕೊಂಡಿ, ಆಮೇಲೆ ಪ್ಲಸ್ ಕೊಂಡಿ ಬಿಚ್ಚಿದ. ಪ್ಲಸ್ ಕೊಂಡಿಯ ನಟ್ಟು ರಸ್ತೆಯ ಕುಲುಕಾಟಕ್ಕೆ ಸಡಿಲಾಗಿ, ಒಳಗೆ ಸುಣ್ಣದಂಥ ಬಿಳಿ ಪುಡಿ ಕಟ್ಟಿತ್ತು. ಕೊಂಡಿ ಇನ್ನೂ ಬೆಚ್ಚಗಿತ್ತು. ಕಳೆದುಹೋದ ಕರೆಂಟ್ ಶಾಖವಾಗಿ ಅಲ್ಲಿ ಕೂತಿತ್ತು! ಸೊಸೆಯ ಉಗುರು ತೀಡುವ ಅರದಿಂದ ಗುಬಟು, ಕೊಂಡಿ ಎರಡನ್ನೂ ಹೊಳೆಯುವಂತೆ ಉಜ್ಜಿದೆವು. ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿದೆವು.

ಹೀಟರ್ ಗುಂಯ್ ಎಂದಿತು. ಒಂದು ನಿಮಿಷ, ಎರಡು ನಿಮಿಷ. ದೀಪ ಮಂಕಾಗಲಿಲ್ಲ. ಕಾಲ ಬಳಿ ಬೆಚ್ಚನೆ ಗಾಳಿ ಬಂತು. ನನ್ನಾಕೆ ಅದರ ಮುಂದೆ ಅಂಗೈ ಚಾಚಿ ಕುಳಿತಳು. ಅರ್ಧ ಗಂಟೆಯಲ್ಲಿ ಉಸಿರಿನ ಸಿಳ್ಳು ನಿಂತಿತು.

ಮೀಟರ್ ವಾಪಸ್ ಕೊಡಲು ಹೊರಗೆ ಬಂದ ಮೊಮ್ಮಗಳು ತಲೆಯೆತ್ತಿ ನಿಂತುಬಿಟ್ಟಳು. ಟೆಕಾಪೋ, ಮೌಂಟ್ ಕುಕ್ ಸೇರಿದ 4,300 ಚದರ ಕಿ.ಮೀ.ಗೂ ಹೆಚ್ಚಿನ ಈ ಪ್ರದೇಶವನ್ನು 2012ರಲ್ಲಿ ‘ಕತ್ತಲ ಆಕಾಶ’ದ ರಕ್ಷಿತ ತಾಣವೆಂದು ಘೋಷಿಸಿದ್ದಾರೆ. ಬೀದಿದೀಪಗಳೂ ಇಲ್ಲಿ ನೆಲವನ್ನೇ ನೋಡಬೇಕು, ಆಕಾಶವನ್ನಲ್ಲ. ನೆತ್ತಿಯ ಹತ್ತಿರ ಶಿಲುಬೆಯಂಥ ನಾಲ್ಕು ನಕ್ಷತ್ರ. ನಮ್ಮವರು ತ್ರಿಶಂಕು ಎನ್ನುವುದು ಇದನ್ನೇ. ನಮ್ಮ ನಾಡಿನಿಂದ ನೋಡಿದರೆ ದಕ್ಷಿಣದಲ್ಲಿ ತಗ್ಗಿನಲ್ಲಿ ಕಂಡು ಮುಳುಗುವ ತ್ರಿಶಂಕು, ಅಲ್ಲಿ ಎಂದೂ ಮುಳುಗುವುದಿಲ್ಲ.

ಇಂಥ ಗಾಡಿಯಲ್ಲಿ ಹೋಗುವವರು ಹೊರಡುವ ದಿನವೇ ಮನೆ ಬ್ಯಾಟರಿ, ಫ್ಯೂಸ್ ಡಬ್ಬಿ, ಮುಖ್ಯ ಸ್ವಿಚ್ ಎಲ್ಲಿವೆ ಎಂದು ಕೇಳಿ ನೋಡಿಟ್ಟುಕೊಳ್ಳಿ. ಕಂಬದ ಕೇಬಲ್ ತೆಗೆದು ಹೀಟರ್ ಒಮ್ಮೆ ಹಾಕಿಸಿ ಪರೀಕ್ಷಿಸಿ. 230 ವೋಲ್ಟಿನ ಯಾವ ಭಾಗವನ್ನೂ ಬಿಚ್ಚಬೇಡಿ, ಅದು ಎಲೆಕ್ಟ್ರಿಷಿಯನ್ ಕೆಲಸ. ಮಕ್ಕಳು ಟಾರ್ಚ್ ಹಿಡಿಯಲಿ, ಅಂಕಿ ಬರೆಯಲಿ, ಪ್ರಶ್ನೆ ಕೇಳಲಿ. ನಮ್ಮ ಮೊಮ್ಮಗಳ ಪ್ರವಾಸದ ಪುಸ್ತಕದಲ್ಲಿ ಆವೊರಾಕಿಯ ಚಿತ್ರದ ಪಕ್ಕದಲ್ಲೇ ಒಂದು ಬ್ಯಾಟರಿಯ ಚಿತ್ರವೂ ಇದೆ, ಕೊಂಡಿಯ ಮೇಲೊಂದು ಬಾಣದ ಗುರುತು: ‘ಕಳ್ಳ ಇಲ್ಲಿದ್ದ’.